ತಾಮಾ ಹೊಳೆದಂಡೆಯ ಲೆಕ್ಕದ ಪುಸ್ತಕ: ನನ್ನ ಅನುಭವ

ಜಪಾನಲ್ಲಿ ವೈಲ್ಡ್‌ಲೈಫ್ ಫೋಟೋ ತೆಗೀತೀನಿ ಅಂದ ತಕ್ಷಣ ಎಲ್ರೂ ಕೇಳೋದು ಎರಡೇ. ನಗಾನೊದ ಬಿಸಿನೀರಲ್ಲಿ ಕೂತಿರೋ ಕೋತಿ, ಹೊಕ್ಕೈಡೊದ ಹಿಮದಲ್ಲಿ ಕುಣಿಯೋ ಕ್ರೌಂಚ. ಎರಡೂ ಚೆನ್ನಾಗೇ ಇವೆ, ಬೇಡ ಅನ್ನಲ್ಲ, ಆದ್ರೆ ಟಿಕೆಟ್ಟು ಹೋಟೆಲ್ಲು ಅಂತ ದುಡ್ಡು ಸುರಿದು ಅಲ್ಲಿಗೆ ಹೋಗಿ ತೆಗೆದ ಫೋಟೋಗೂ ಪಕ್ಕದಲ್ಲಿ ನಿಂತಿದ್ದವನು ತೆಗೆದ ಫೋಟೋಗೂ ಏನೂ ವ್ಯತ್ಯಾಸ ಇರಲ್ಲ. ನನಗೆ ಮಜಾ ಸಿಕ್ಕಿದ್ದು ಮನೆ ಹತ್ರಾನೇ, ಒಂದೇ ಜಾಗಕ್ಕೆ ವರ್ಷಪೂರ್ತಿ ಹೋಗಿ ಹೋಗಿ.

ನಾನಿರೋದು ಟೋಕಿಯೊ ಪಕ್ಕದ ಕವಾಸಾಕಿಯ ನೊಬೊರಿತೊದಲ್ಲಿ. ಟೋಕಿಯೊದ ಶಿಂಜುಕುವಿಂದ ಒಡಾಕ್ಯು ರೈಲು ಲೈನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು, ಡೊರೆಮಾನ್ ಮ್ಯೂಸಿಯಮ್ಮಿಗೆ ಬರೋ ಮಕ್ಕಳ ಗಲಾಟೆ ಬಿಟ್ರೆ ಶಾಂತವಾದ ಏರಿಯಾ. ಸ್ಟೇಷನ್ನಿಂದ ನಡೆದು ಹೋಗೋಷ್ಟು ದೂರದಲ್ಲಿ ತಾಮಾ ನದಿ, ಒಟ್ಟು 138 ಕಿ.ಮೀ. ಹರಿದು ಟೋಕಿಯೊ ಕೊಲ್ಲಿಗೆ ಸೇರೋ ಹೊಳೆ. ಶುಕುಗವಾರಾ ಒಡ್ಡಿನಿಂದ ರೈಲ್ವೆ ಸೇತುವೆವರೆಗಿನ ದಂಡೆ ನನ್ನ ಜಾಗ. ಈ ಒಡ್ಡಿಗೆ ಒಂದು ಕಥೆ ಇದೆ, 1974ರ ಪ್ರವಾಹದಲ್ಲಿ ಹಳೇ ಒಡ್ಡು ನೀರಿಗೆ ಅಡ್ಡಬಿದ್ದು ಎದುರು ದಂಡೆಯ ಕೊಮಾಯೆಯಲ್ಲಿ ಏರಿ ಒಡೆದು 19 ಮನೆ ಕೊಚ್ಕೊಂಡು ಹೋದ್ವು, ಆಮೇಲೆ ಒಡ್ಡನ್ನೇ ಹೊಸದಾಗಿ ಕಟ್ಟಿದ್ರು. ಈಗ ಅದರ ಪಕ್ಕ ಮೀನು ಹತ್ತೋಕೆ ಮೆಟ್ಟಿಲು ಥರ ಒಂದು ಕಾಲುವೆ ಇದೆ. ನನ್ನ ಅರ್ಧ ಫೋಟೋ ಅಲ್ಲೇ ಸಿಗೋದು.

ನನ್ನ ಪದ್ಧತಿ ಸಿಂಪಲ್ಲು. ಫೋಟೋ ಚೆನ್ನಾಗಿ ಬಂತೋ ಇಲ್ವೋ ಆಮೇಲಿನ ಮಾತು, ಮೊದಲು ಎಕ್ಸೆಲ್ ಶೀಟಲ್ಲಿ ತಾರೀಕು, ಹಕ್ಕಿಯೋ ಹುಳವೋ ಅದರ ಹೆಸರು, ಏನ್ ಮಾಡ್ತಿತ್ತು, ಎಲ್ಲಿ ಕೂತಿತ್ತು, ಇಷ್ಟು ಬರೀತೀನಿ. ಫೋಟೋ ಅನ್ನೋದು ಆ ಸಾಲಿಗೆ ಸಾಕ್ಷಿ ಅಷ್ಟೇ. ಮಸುಕಾಗಿದ್ರೂ ಡಿಲೀಟ್ ಮಾಡಲ್ಲ, ಈ ವರ್ಷದ ಮೊದಲ ಕವಲುತೋಕೆ ಅಂತ ಗೊತ್ತಾದ್ರೆ ಸಾಕು.

ಇದಕ್ಕೊಂದು ಹಿನ್ನೆಲೆ ಇದೆ. ಜಪಾನಿನ ಹವಾಮಾನ ಇಲಾಖೆಯವರು 1953ರಿಂದ ದೇಶದ ತುಂಬಾ ಇಂಥದ್ದೇ ಲೆಕ್ಕ ಇಡ್ತಿದ್ರು, ಯಾವ ಊರಲ್ಲಿ ಯಾವತ್ತು ಮೊದಲ ಜೀರುಂಡೆ (ಸಿಕಾಡಾ) ಕೂಗ್ತು, ಯಾವತ್ತು ಮಿಂಚುಹುಳ ಕಾಣಿಸ್ತು ಅಂತ. 2021ರ ಜನವರಿಯಿಂದ ಪ್ರಾಣಿಪಕ್ಷಿಗಳ ಲೆಕ್ಕ ಪೂರ್ತಿ ನಿಲ್ಲಿಸಿದ್ರು, 23 ಜಾತಿಗಳೂ ಔಟ್. ಗಿಡಗಳಲ್ಲೂ 34 ಇದ್ದದ್ದು 6ಕ್ಕೆ ಬಂತು, ಸಕುರಾ, ಅಂದ್ರೆ ಚೆರ್ರಿ ಹೂವು, ಉಳೀತು ಅಂತ ಬೇರೆ ಹೇಳಬೇಕಿಲ್ಲ. ಊರು ಬೆಳೆದು ಆಫೀಸ್ ಸುತ್ತಮುತ್ತ ಆ ಜೀವಿಗಳೇ ಸಿಗ್ತಿಲ್ಲ ಅನ್ನೋದು ಅವರು ಕೊಟ್ಟ ಕಾರಣ. ನನಗದು ತಲೆಕೆಳಗಾದ ವಾದ ಅನಿಸ್ತು, ಸಿಗ್ತಿಲ್ಲ ಅನ್ನೋದನ್ನೇ ಅಲ್ವಾ ಬರೆದಿಡಬೇಕಾದ್ದು? ಆಮೇಲೆ ಇಲ್ಲಿನ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ ಸಾಮಾನ್ಯ ಜನರನ್ನ ಸೇರಿಸ್ಕೊಂಡು ಆ ಕೆಲಸ ಮುಂದುವರಿಸ್ತು. ನನ್ನ ಶೀಟ್ ಶುರುವಾಗಿದ್ದೂ ಆ ಸುದ್ದಿ ಓದಿದ ಮೇಲೆ. ನಮ್ಮಜ್ಜ ಭರಣಿ ಕೃತ್ತಿಕೆ ಅಂತ ಮಳೆ ನಕ್ಷತ್ರ ಲೆಕ್ಕ ಹಾಕಿ ಬಿತ್ತನೆ ಮಾಡ್ತಿದ್ರಲ್ಲ, ಇಲ್ಲಿಯವರ ಹಳೇ ಪಂಚಾಂಗದಲ್ಲೂ ವರ್ಷಕ್ಕೆ 72 ಭಾಗ, ಒಂದೊಂದು ಐದೈದು ದಿನದ್ದು, ಕವಲುತೋಕೆ ಬರೋ ಕಾಲ, ಕೊಳೆತ ಹುಲ್ಲು ಮಿಂಚುಹುಳ ಆಗೋ ಕಾಲ ಅಂತೆಲ್ಲ. ಹಾಗಾಗಿ ಇಲ್ಲಿಯ ವಯಸ್ಸಾದವರ ಹತ್ರ ಈ ವಿಷಯ ತೆಗೆದ್ರೆ ನನ್ನ ಹರಕು ಜಪಾನೀಸಿಗೂ ಮಾತು ನಿಲ್ಲಲ್ಲ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲ್ಲ. ನಕಾನೊ ಕಡೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ಹಳೇ ಕ್ಯಾನನ್ ಬಾಡಿ, 100-400 ಜೂಮ್ ಲೆನ್ಸ್ ತಗೊಂಡೆ. ಇಲ್ಲಿ ಹಳೇ ಸಾಮಾನಿಗೆ ಎ, ಎಬಿ, ಬಿ ಅಂತ ಗ್ರೇಡ್ ಹಾಕಿರ್ತಾರೆ, ಬಿ ಗ್ರೇಡ್ ಅಂದ್ರೂ ನಮ್ಮ ಕಣ್ಣಿಗೆ ಹೊಸದೇ, ಧೈರ್ಯವಾಗಿ ತಗೊಳ್ಳಿ. ಹುಳಗಳಿಗೆ ಒಂದು ಮ್ಯಾಕ್ರೋ ಲೆನ್ಸ್. ಅಷ್ಟೇ.

ಹಕ್ಕಿ ನೋಡೋರಿಗೆ ವರ್ಷ ಶುರುವಾಗೋದು ಚಳಿಗಾಲದಲ್ಲಿ. ಎಲೆ ಉದುರಿರುತ್ತೆ, ಗಾಳಿ ಒಣಗಿ ಬೆಳಕು ಸ್ವಚ್ಛ, ಬೆಳಿಗ್ಗೆ ದಂಡೆ ಮೇಲಿಂದ ಫ್ಯೂಜಿ ಕಾಣುತ್ತೆ. ಸೈಬೀರಿಯಾ ಕಡೆಯಿಂದ ಬಾತುಗಳು ಬಂದಿರ್ತವೆ, ಅದರಲ್ಲಿ ಸೂಜಿಬಾಲದ ಬಾತು ನಮ್ಮ ಮೈಸೂರು ಕಡೆ ಕೆರೆಗಳಿಗೂ ಚಳಿಗಾಲಕ್ಕೆ ಬರೋ ಜಾತಿ, ನೋಡಿದ್ರೆ ಊರವರು ಸಿಕ್ಕಂಗೆ ಅನಿಸುತ್ತೆ. ತೊಂದರೆ ಏನಂದ್ರೆ ಡಿಸೆಂಬರಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ, ಕೆಲಸಕ್ಕೆ ಹೋಗೋರಿಗೆ ವೀಕೆಂಡ್ ಬೆಳಿಗ್ಗೆ ಬಿಟ್ರೆ ಗತಿ ಇಲ್ಲ.

ಚಳಿಗಾಲದ ಹೀರೋ ಮಿಂಚುಳ್ಳಿ. ನಮ್ಮ ಕೆರೆಗಳಲ್ಲಿ ಕಾಣೋ ಆ ಪುಟ್ಟ ನೀಲಿ ಮಿಂಚುಳ್ಳಿಯದೇ ಜಾತಿ. 1970ರ ಹೊತ್ತಿಗೆ ಈ ಹೊಳೆ ಎಷ್ಟು ಹೊಲಸಾಗಿತ್ತು ಅಂದ್ರೆ ಕೆಳಗಡೆ ಕುಡಿಯೋಕೆ ನೀರು ಎತ್ತೋದನ್ನೇ ನಿಲ್ಲಿಸಿದ್ರು, ಮಿಂಚುಳ್ಳಿಗಳು ಸಿಟಿ ಬಿಟ್ಟು ಮೇಲೆ ಬೆಟ್ಟದ ಕಡೆ ಹೋಗಿದ್ವು. ಚರಂಡಿ ನೀರು ಶುದ್ಧ ಮಾಡಿ ಬಿಡೋಕೆ ಶುರು ಮಾಡಿದ ಮೇಲೆ ನಿಧಾನಕ್ಕೆ ವಾಪಸ್ ಬಂದ್ವು. ಕೊಕ್ಕು ಪೂರ್ತಿ ಕಪ್ಪಗಿದ್ರೆ ಗಂಡು, ಕೆಳಗಿನ ಕೊಕ್ಕು ಕೆಂಪಗಿದ್ರೆ ಹೆಣ್ಣು. ಚಳಿಗಾಲದಲ್ಲಿ ಒಂದೊಂದೂ ಅದರದ್ದೇ ಗಡಿ ಹಾಕ್ಕೊಂಡು ಇನ್ನೊಂದನ್ನ ಓಡಿಸ್ತಿರುತ್ತೆ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ನೋಡಿ, ಅದೇ ಗಂಡು ಮೀನು ಹಿಡಿದು, ಕೊಂಬೆಗೆ ಎರಡೂ ಕಡೆ ಪಟಪಟ ಬಡಿದು, ಸುಸ್ತಾದ ಮೀನನ್ನ ಕೊಕ್ಕಲ್ಲೇ ತಿರುಗಿಸುತ್ತೆ. ಮೀನಿನ ತಲೆ ಗಂಟಲ ಕಡೆಗಿದ್ರೆ ತಾನೇ ನುಂಗುತ್ತೆ. ತಲೆ ಹೊರಗಡೆಗಿದ್ರೆ ಕಾಯ್ರಿ, ಅದು ಹೆಣ್ಣಿಗೆ ಕೊಡೋಕೆ, ಅವಳಿಗೆ ತಲೆ ಕಡೆಯಿಂದ ನುಂಗೋಕೆ ಸಲೀಸಾಗಲಿ ಅಂತ. ಇದೊಂದು ಗೊತ್ತಿದ್ರೆ ಫೋಕಸನ್ನ ಗಂಡಿನ ಮೇಲಿಂದ ತೆಗೆದು ಪಕ್ಕದ ಕೊಂಬೆ ಕಡೆ ಇಟ್ಕೊಂಡು ರೆಡಿಯಾಗಿರಬಹುದು. ಕೂತಿರೋದಕ್ಕೆ ಶಟರ್ ಸ್ಪೀಡ್ 1/500 ಸಾಕು, ನೀರಿಗೆ ಧುಮುಕೋದು ಬೇಕು ಅಂದ್ರೆ 1/2000ಕ್ಕಿಂತ ಕೆಳಗೆ ಇಳೀಬೇಡಿ, ಐಎಸ್‌ಒ ಎಷ್ಟಕ್ಕಾದ್ರೂ ಹೋಗಲಿ.

ಅಲ್ಲಿ ರಿಟೈರ್ ಆದ ಅಜ್ಜಂದಿರ ಒಂದು ಗುಂಪು ಇರುತ್ತೆ, ಅವರ ಲೆನ್ಸ್ ಬೆಲೆಯಲ್ಲಿ ನಮ್ಮೂರಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬಹುದು. ಹೋದ ತಕ್ಷಣ ನಮಸ್ಕಾರ ಹೇಳಿ ಅವರ ಹಿಂದೆ ನಿಂತ್ಕೊಳ್ಳಿ, ಮುಂದೆ ನುಗ್ಗಿದ್ರೆ ಬಾಯಿಬಿಟ್ಟು ಯಾರೂ ಬಯ್ಯಲ್ಲ ಆದ್ರೆ ಅವತ್ತಿಂದ ಯಾರೂ ಏನೂ ಹೇಳ್ಕೊಡಲ್ಲ. ಕೆಲವರು ನೀರಲ್ಲಿ ಚಂದದ ಕೊಂಬೆ ನೆಟ್ಟು, ಬುಟ್ಟಿಯಲ್ಲಿ ಮೀನು ಬಿಟ್ಟು ಫೋಟೋ ತೆಗೀತಾರೆ. ನನಗದು ಸ್ಟುಡಿಯೋ ಫೋಟೋ, ಶೀಟಿಗೆ ಸೇರಿಸಲ್ಲ. ಗೂಡಿನ ಫೋಟೋ ಅಂತೂ ಬೇಡವೇ ಬೇಡ, 1934ರಿಂದ ಇರೋ ಜಪಾನ್ ಕಾಡುಪಕ್ಷಿ ಸಂಘದವರೂ ಅದನ್ನೇ ಕೇಳ್ಕೊಳ್ಳೋದು.

ವಸಂತದಲ್ಲಿ ಜನ ಎಲ್ಲ ಸಕುರಾ ನೋಡ್ತಿರುವಾಗ ನಾನು ಸಕುರಾದೊಳಗೆ ಗಿಣಿ ನೋಡ್ತಿರ್ತೀನಿ. ಹೌದು, ಗಿಣೀನೇ, ಕೊರಳಲ್ಲಿ ಗುಲಾಬಿ ಪಟ್ಟಿ ಇರೋ ನಮ್ಮದೇ ಗಿಣಿ, ದಕ್ಷಿಣ ಭಾರತ ಶ್ರೀಲಂಕಾ ಕಡೆಯ ತಳಿ. 60ರ ದಶಕದಲ್ಲಿ ಸಾಕೋಕೆ ಅಂತ ತಂದಿದ್ದು ತಪ್ಪಿಸ್ಕೊಂಡು ಇಲ್ಲೇ ಸಂಸಾರ ಹೂಡಿವೆ, ಒಂದು ಕಾಲಕ್ಕೆ ಒಓಕಾಯಾಮಾದ ಕಾಲೇಜ್ ಕ್ಯಾಂಪಸ್ಸಿನ ಗಿಂಕ್ಗೊ ಮರಗಳಲ್ಲಿ ರಾತ್ರಿ ತಂಗ್ತಿದ್ವು. ಹೂವನ್ನ ತೊಟ್ಟಿನ ಹತ್ರ ಕಚ್ಚಿ ಮಕರಂದ ಹೀರಿ ಕೆಳಗೆ ಬಿಸಾಕ್ತವೆ, ಮರದ ಕೆಳಗೆ ಎಸಳಲ್ಲ, ಇಡೀ ಹೂವೇ ಬಿದ್ದಿದ್ರೆ ತಲೆ ಎತ್ತಿ ನೋಡಿ. ಗುಬ್ಬಚ್ಚಿನೂ ಇದೇ ಕೆಲಸ ಮಾಡುತ್ತೆ, ಅದನ್ನ ಯಾರೂ ಬಯ್ಯಲ್ಲ. ವಿದೇಶಿ ಹಕ್ಕಿ ಅಂತ ಇವುಗಳ ಮೇಲೆ ಇಲ್ಲಿ ಕೆಲವರಿಗೆ ಸಿಟ್ಟು, ಪೊಟರೆಗೆ ಇಲ್ಲಿನ ಹಕ್ಕಿಗಳ ಜೊತೆ ಪೈಪೋಟಿ ಬೀಳ್ತವೆ ಅನ್ನೋ ಮಾತಲ್ಲಿ ಅರ್ಥವೂ ಇದೆ, ಆದ್ರೆ ವೀಸಾ ಮೇಲಿರೋ ನಾನು ಈ ವಿಷಯದಲ್ಲಿ ಜಾಸ್ತಿ ಮಾತಾಡಲ್ಲ.

ಏಪ್ರಿಲ್ ಮೇನಲ್ಲಿ ಆಯು ಅನ್ನೋ ಸಣ್ಣ ಮೀನು ಸಮುದ್ರದ ಕಡೆಯಿಂದ ಹೊಳೆ ಹತ್ತುತ್ತೆ. ಒಡ್ಡಿನ ಮೆಟ್ಟಿಲ ಹತ್ರ ಬೆಳ್ಳಕ್ಕಿ, ಬೂದು ಬಕ ರೇಷನ್ ಅಂಗಡಿ ಕ್ಯೂ ಥರ ನಿಂತಿರ್ತವೆ. ಜನರಿಗೆ ಜೂನ್ 1ರವರೆಗೂ ಆಯು ಹಿಡಿಯೋ ಹಾಗಿಲ್ಲ, ಬಕಕ್ಕೆ ಕಾನೂನಿಲ್ಲ. ಇದೇ ಟೈಮಲ್ಲಿ ಕಾಗೆ ಮರಿಗಳು ಗೂಡು ಬಿಡ್ತವೆ, ತಾಯಿ ಕಾಗೆ ಹಿಂದಿನಿಂದ ಬಂದು ತಲೆಗೆ ಒದೀತದೆ, ಛತ್ರಿ ಇಟ್ಕೊಳ್ಳಿ.

ಜೂನ್ ಮಧ್ಯಕ್ಕೆ ಹತ್ತಿರದ ಇಕುತಾ ರ‍್ಯೊಕುಚಿ ಪಾರ್ಕಲ್ಲಿ ಗೆಂಜಿ ಮಿಂಚುಹುಳ. ನಮ್ಮಲ್ಲಿ ಆದ್ರೆ ಆರಿದ್ರಾ ಇಲ್ಲದಿದ್ರೆ ದರಿದ್ರ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ದಿನಗಳು, ಇಲ್ಲೂ ಮಳೆಗಾಲ. ಟೋಕಿಯೊ ಕಡೆಯವು ಸುಮಾರು ನಾಲ್ಕು ಸೆಕೆಂಡಿಗೊಮ್ಮೆ ಮಿನುಗಿದ್ರೆ ಒಸಾಕಾ ಕಡೆಯವು ಎರಡು ಸೆಕೆಂಡಿಗೊಮ್ಮೆ, ಅಲ್ಲಿಯ ಜನರ ಮಾತಿನ ಸ್ಪೀಡ್ ಥರಾನೇ ಅಂತ ಆಫೀಸಲ್ಲಿ ಜೋಕ್ ಮಾಡ್ತಾರೆ. ಕಾಲುದಾರಿ ಕಿರಿದು, ಮಕ್ಕಳನ್ನ ಕರ್ಕೊಂಡು ಜನ ಬರ್ತಾರೆ, ಟ್ರೈಪಾಡ್ ಹಾಕಿ ದಾರಿ ತಡೆಯೋದು ನನಗೆ ಸರಿ ಕಾಣಲ್ಲ. ಕ್ಯಾಮೆರಾ ಮನೇಲಿಟ್ಟು ಹೋಗಿ ತಾರೀಕು ಮಾತ್ರ ಬರ್ಕೊಂಡು ಬರ್ತೀನಿ.

ಜುಲೈ ಆಗಸ್ಟಲ್ಲಿ ಹಗಲು 35 ಡಿಗ್ರಿ, ಹಕ್ಕಿಗಳೂ ಕಾಣಲ್ಲ, ಎಲ್ಲರೂ ಕ್ಯಾಮೆರಾ ಮೂಲೆಗಿಡ್ತಾರೆ. ನಾನು ರಾತ್ರಿ ಜೀರುಂಡೆ ಹಿಂದೆ ಬೀಳ್ತೀನಿ. ಏಳೂಮುಕ್ಕಾಲಿನ ಹೊತ್ತಿಗೆ ಪಾರ್ಕಿನ ಮರದ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿದ್ರೆ ಮಣ್ಣು ಮೆತ್ಕೊಂಡ ಕಂದು ಮರಿ ನಿಧಾನಕ್ಕೆ ಹತ್ತುತ್ತಿರುತ್ತೆ, ವರ್ಷಗಟ್ಲೆ ನೆಲದೊಳಗೆ ಬೇರಿನ ರಸ ಕುಡಿದು ಬೆಳೆದದ್ದು. ಒಂದು ಕಡೆ ಉಗುರು ಊರಿ ನಿಂತ ಮೇಲೆ ಬೆನ್ನು ಉದ್ದಕ್ಕೆ ಸೀಳುತ್ತೆ, ಒಳಗಿಂದ ಬೆಳ್ಳಗಿನ ಮೈ ಉಬ್ಬಿ ಬರುತ್ತೆ, ಆಮೇಲೆ ಬಾಲದ ತುದಿ ಮಾತ್ರ ಸಿಪ್ಪೆಯೊಳಗಿಟ್ಟು ತಲೆಕೆಳಗಾಗಿ ನೇತಾಡ್ಕೊಂಡು ಸುಮ್ನಿರುತ್ತೆ. ಸತ್ತೋಯ್ತೇನೋ ಅನಿಸುತ್ತೆ, ಇಲ್ಲ, ಕಾಲು ಗಟ್ಟಿಯಾಗೋದಕ್ಕೆ ಕಾಯ್ತಿರುತ್ತೆ. ಕೊನೆಗೆ ಒಂದೇ ಸಲ ಮೇಲೆದ್ದು ಸಿಪ್ಪೆ ಹಿಡ್ಕೊಂಡು ಬಾಲ ಎಳ್ಕೊಳ್ಳುತ್ತೆ, ಮುದುಡಿದ ರೆಕ್ಕೆ ಬಿಚ್ಕೊಳ್ಳುತ್ತೆ, ಬಿಳಿಯಲ್ಲಿ ತಿಳಿಹಸಿರು ನರ. ಬೆಳಿಗ್ಗೆ ಹೊತ್ತಿಗೆ ಅದೇ ರೆಕ್ಕೆ ಕಂದು. ಫ್ಲ್ಯಾಶ್ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ, ಇಲ್ಲಾಂದ್ರೆ ಬಿಳಿ ಮೈ ಸುಣ್ಣದ ಗೋಡೆ ಆಗುತ್ತೆ. ಮೈ ಮೆತ್ತಗಿರುವಾಗ ಮುಟ್ಟಬೇಡಿ, ರೆಕ್ಕೆ ಸೊಟ್ಟಗಾದ್ರೆ ಜನ್ಮಕ್ಕೂ ಹಾರಲ್ಲ. ಸೊಂಟಕ್ಕೆ ನೇತುಹಾಕೋ ಸೊಳ್ಳೆಬತ್ತಿ ಡಬ್ಬಿ ಇಲ್ಲಿ ಸಿಗುತ್ತೆ, ಅದಿಲ್ದೆ ಹೋಗಲೇಬೇಡಿ.

ಶರತ್ಕಾಲ ಬೇಗ ಮುಗಿಸ್ತೀನಿ, ಅದು ಬೇಗ ಮುಗಿಯೋದೇ. ಮೊದಲು ಮೊಜು, ಅಂದ್ರೆ ನಮ್ಮ ಕಳಿಂಗ ಹಕ್ಕಿಯ ಬಳಗದ್ದು, ಕಂಬದ ತುದೀಲಿ ಕೂತು ಕಿರುಚೋಕೆ ಶುರು ಮಾಡುತ್ತೆ. ಮಿಡತೆ ಹಲ್ಲಿ ಹಿಡಿದು ಮುಳ್ಳಿಗೆ ಚುಚ್ಚಿಡೋ ಅಭ್ಯಾಸ ಇದಕ್ಕೆ. 2019ರಲ್ಲಿ ಒಸಾಕಾ ಕಡೆ ಸಂಶೋಧಕರು ತೋರಿಸಿದ್ದು ಏನಂದ್ರೆ, ಆ ದಾಸ್ತಾನು ಚೆನ್ನಾಗಿ ತಿಂದ ಗಂಡು ಚೆನ್ನಾಗಿ ಹಾಡುತ್ತೆ, ಹೆಣ್ಣು ಬೇಗ ಒಪ್ಪುತ್ತೆ. ಹಾಗಾಗಿ ಮುಳ್ಳಲ್ಲಿ ಒಣಗಿದ ಮಿಡತೆ ಕಂಡ್ರೆ ಫೋಟೋ ತೆಗೆದು ಅಲ್ಲೇ ಬಿಟ್ಟು, ಜನವರಿಯಲ್ಲಿ ಮತ್ತೆ ಹೋಗಿ ಇದೆಯಾ ನೋಡ್ತೀನಿ. ಅಕ್ಟೋಬರ್ ಕೊನೆಗೆ ಜೊಬಿತಾಕಿ ಅನ್ನೋ ಪುಟ್ಟ ವಲಸೆ ಹಕ್ಕಿ ಬಂದು ಪಾರ್ಕಿಂಗಲ್ಲಿ ಕಾರಿನ ಕನ್ನಡಿ ಜೊತೆ ಜಗಳಕ್ಕೆ ನಿಲ್ಲುತ್ತೆ, ಒಳಗೆ ಇನ್ನೊಂದು ಗಂಡಿದೆ ಅಂತ. 2019ರ ಅಕ್ಟೋಬರ್ 12ರ ಹಗಿಬಿಸ್ ಚಂಡಮಾರುತದಂಥದ್ದು ಬಂದ್ರೆ ಮಾತ್ರ ದಂಡೆಯ ಜೊಂಡೆಲ್ಲ ಮಲಗಿಬಿಡುತ್ತೆ, ಲೆಕ್ಕ ಹೊಸದಾಗಿ ಶುರು.

ಟೋಕಿಯೊದ ನಿಶಿ ಕಸಾಯಿ ಕಡೆ ಇರೋ ನಮ್ಮವರು ಇಷ್ಟು ದೂರ ಬರೋದು ಬೇಡ, ನಿಮ್ಮ ಪಕ್ಕದಲ್ಲೇ ಕಸಾಯಿ ರಿಂಕಾಯಿ ಪಾರ್ಕ್, ಅದರ ಮುಂದಿನ ಸಮುದ್ರದ ದಡ 2018ರಲ್ಲಿ ರಾಮ್ಸಾರ್ ಜಾಗ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಆಗಿದೆ, ಚಳಿಗಾಲದಲ್ಲಿ ಬಾತುಗಳು ಸಾವಿರಗಟ್ಲೆ. ಯೊಕೊಹಾಮಾ ಮಿದೊರಿ ಕಡೆಯವರಿಗೆ ಶಿಕಿ ನೊ ಮೊರಿ ಪಾರ್ಕ್, ಅಲ್ಲಿನ ಮಿಂಚುಳ್ಳಿಗಳಿಗೆ ಜನ ಅಭ್ಯಾಸ, ಹತ್ತಿರದಲ್ಲೇ ಕೂರ್ತವೆ. ಶೀಟ್ ಬೇಕಾದ್ರೆ ಕೇಳಿ, ಕಾಲಂ ಸಮೇತ ಕಳಿಸ್ತೀನಿ, ಗೂಡಿನ ಲೊಕೇಶನ್ ಕಾಲಂ ಮಾತ್ರ ಅಳಿಸಿರ್ತೀನಿ.