ಸ್ಕಿಜೋಫ್ರೇನಿಯಾದ ಆರಂಭಿಕ ಪತ್ತೆಗೆ ಮೆದುಳಿನ ಸ್ಕ್ಯಾನ್: ಯಾವಾಗ, ಹೇಗೆ, ಎಷ್ಟರ ಮಟ್ಟಿಗೆ

ಮೆದುಳಿನ ಚಿತ್ರವೊಂದನ್ನೇ ನೋಡಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ನಂಬಿಕೆ ಬೇರೂರುವುದು ಮುಂತಾದ ಲಕ್ಷಣಗಳ ಗಂಭೀರ ಮಾನಸಿಕ ಕಾಯಿಲೆ) ಇದೆ ಅಥವಾ ಇಲ್ಲ ಎಂದು ನಿರ್ಧರಿಸುವ ಪರೀಕ್ಷೆ ದೈನಂದಿನ ವೈದ್ಯಕೀಯ ಬಳಕೆಗೆ ಇನ್ನೂ ಬಂದಿಲ್ಲ. ರೋಗನಿರ್ಣಯಕ್ಕೆ ಇಂದಿಗೂ ಆಧಾರವಾಗಿರುವುದು ರೋಗಿಯೊಂದಿಗಿನ ಮಾತುಕತೆ, ಮನೆಯವರು ನೀಡುವ ವಿವರ ಮತ್ತು ಲಕ್ಷಣಗಳು ಎಷ್ಟು ಕಾಲದಿಂದ ಇವೆ ಎಂಬ ಲೆಕ್ಕ. ಹಾಗೆಂದು ಸ್ಕ್ಯಾನ್ ನಿರುಪಯುಕ್ತವಲ್ಲ. ಅದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಆದ್ದರಿಂದ ಮೊದಲು ಹೋಗಬೇಕಾದುದು ಸ್ಕ್ಯಾನ್ ಕೇಂದ್ರಕ್ಕಲ್ಲ, ಮನೋವೈದ್ಯರ ಬಳಿಗೆ. ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ ಕಾಣಿಸಿಕೊಳ್ಳುತ್ತದೆ; ಹೆಂಗಸರಲ್ಲಿ ಸರಾಸರಿ ಕೆಲವು ವರ್ಷ ತಡವಾಗಿ. ಅದಕ್ಕೂ ಮುಂಚೆ ಬಹುಮಂದಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮಂಕಾದ ಮುನ್ಸೂಚನೆಗಳಿರುತ್ತವೆ: ಜನರಿಂದ ದೂರ ಸರಿಯುವುದು, ಓದು ಅಥವಾ ಕೆಲಸದಲ್ಲಿ ಹಿಂದೆ ಬೀಳುವುದು, ನಿದ್ದೆ ಕೆಡುವುದು, ಆಧಾರವಿಲ್ಲದ ಸಂಶಯ. ಇವನ್ನು ದಿನಾಂಕ ಸಹಿತ ಬರೆದಿಡಿ. "ವಿಚಿತ್ರವಾಗಿ ಆಡುತ್ತಾನೆ" ಎಂಬ ಮಾತಿಗಿಂತ, "ಮಾರ್ಚ್‌ನಿಂದ ಊಟಕ್ಕೆ ಕೋಣೆಯಿಂದ ಹೊರಬರುತ್ತಿಲ್ಲ, ಜೂನ್‌ನಲ್ಲಿ ಫೋನಿನ ಕ್ಯಾಮೆರಾದ ಮೇಲೆ ಟೇಪು ಅಂಟಿಸಿದ, ಪಕ್ಕದ ಮನೆಯವರು ತನ್ನನ್ನೇ ಗಮನಿಸುತ್ತಿದ್ದಾರೆ ಎನ್ನುತ್ತಾನೆ" ಎಂಬ ಟಿಪ್ಪಣಿಯಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ. ಗಾಂಜಾ ಮುಂತಾದವುಗಳ ಬಳಕೆಯಿದ್ದರೆ ಮುಚ್ಚಿಡಬಾರದು.

ಈ ಹಂತದಲ್ಲಿ ವೈದ್ಯರು ಸ್ಕ್ಯಾನ್ ಬರೆದುಕೊಟ್ಟರೆ, ಅದರ ಮುಖ್ಯ ಉದ್ದೇಶ ಇದೇ ಬಗೆಯ ಲಕ್ಷಣ ತೋರುವ ಬೇರೆ ಕಾಯಿಲೆಗಳನ್ನು ಹುಡುಕುವುದು. ಗೆಡ್ಡೆ, ಪಾರ್ಶ್ವವಾಯು, ಮೆದುಳಿನ ಉರಿಯೂತ, ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇವೆಲ್ಲ ಅಪರೂಪಕ್ಕೆ ಮನೋವಿಕಾರದ, ಎಂದರೆ ಭ್ರಮೆಗಳಿಂದ ವಾಸ್ತವದ ಹಿಡಿತ ತಪ್ಪುವ ಸ್ಥಿತಿಯ, ರೂಪದಲ್ಲಿ ಬರಬಹುದು. ಮೂರ್ಛೆ, ತೀವ್ರ ತಲೆನೋವು, ಜ್ವರ, ಗೊಂದಲ, ಕೈಕಾಲಿನ ಬಲಹೀನತೆ ಜೊತೆಗಿದ್ದರೆ ಅಥವಾ ಕೆಲವೇ ದಿನಗಳಲ್ಲಿ ಸ್ಥಿತಿ ಕೆಟ್ಟರೆ ತಡಮಾಡಬಾರದು. ಆಗ ಸ್ಕ್ಯಾನಿನೊಂದಿಗೆ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ), ರಕ್ತ ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆಗಳೂ ಬೇಕಾಗಬಹುದು. ಏಕೆಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ದಾಳಿ ಮಾಡುವ ಸ್ವಯಂಪ್ರತಿರಕ್ಷಣಾ ಉರಿಯೂತದಲ್ಲಿ ಎಂಆರ್‌ಐ ಎಷ್ಟೋ ಬಾರಿ ಸರಿಯಾಗಿಯೇ ಕಾಣುತ್ತದೆ.

ಇನ್ನು ಸ್ಕಿಜೋಫ್ರೇನಿಯಾವನ್ನೇ ಸ್ಕ್ಯಾನಿನಲ್ಲಿ ಗುರುತಿಸುವ ಮಾತು. 1976ರಲ್ಲಿ ಬ್ರಿಟಿಷ್ ಮನೋವೈದ್ಯೆ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ದೀರ್ಘಕಾಲದ ರೋಗಿಗಳ ಮೆದುಳಿನ ಕುಹರಗಳು (ದ್ರವ ತುಂಬಿದ ಒಳಪೊಳ್ಳುಗಳು) ಹಿಗ್ಗಿರುವುದನ್ನು ಸಿಟಿ ಸ್ಕ್ಯಾನಿನಲ್ಲಿ ತೋರಿಸಿದರು. ಆಮೇಲಿನ ಎಂಆರ್‌ಐ ಅಧ್ಯಯನಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗ ಸ್ವಲ್ಪ ಕುಗ್ಗಿರುವುದೂ, ಮುಂಭಾಗ ಮತ್ತು ಟೆಂಪೊರಲ್ (ಕಿವಿಯ ಬಳಿಯ) ಭಾಗಗಳ ಬೂದು ಪದರ, ಎಂದರೆ ಮೆದುಳಿನ ಹೊರಪದರ, ತೆಳುವಾಗಿರುವುದೂ ಕಂಡುಬಂದವು. ಆದರೆ ಇವು ಗುಂಪುಗಳ ಸರಾಸರಿಯ ವ್ಯತ್ಯಾಸಗಳು. ರೋಗಿಗಳ ಮತ್ತು ಆರೋಗ್ಯವಂತರ ಅಳತೆಗಳು ಬಹುಪಾಲು ಒಂದರ ಮೇಲೊಂದು ಬೀಳುವುದರಿಂದ, ಒಬ್ಬ ವ್ಯಕ್ತಿಯ ಅಳತೆಯಿಂದ ಅವನು ಯಾವ ಗುಂಪಿನವನೆಂದು ಹೇಳಲಾಗದು.

ಸ್ಕ್ಯಾನ್‌ಗಳ ರಾಶಿಯಿಂದ ಕಂಪ್ಯೂಟರ್ ತಾನೇ ಮಾದರಿ ಗುರುತಿಸಲು ಕಲಿಯುವ ಯಂತ್ರಕಲಿಕೆಯ ನೆರವಿನಿಂದ ನಿಖರತೆ ಹೆಚ್ಚಿದರೂ ಲೆಕ್ಕವೊಂದು ಅಡ್ಡ ಬರುತ್ತದೆ. ರೋಗವಿದ್ದವರಲ್ಲಿ ಶೇ. 80 ಜನರನ್ನು ಹಿಡಿಯುವ, ಇಲ್ಲದವರಲ್ಲಿ ಶೇ. 80 ಜನರನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆಯೊಂದಿದೆ ಎಂದುಕೊಳ್ಳೋಣ. ನೂರಕ್ಕೆ ಒಬ್ಬರಿಗೆ ರೋಗವಿರುವ 10,000 ಜನರಿಗೆ ಅದನ್ನು ಮಾಡಿದರೆ 80 ರೋಗಿಗಳೊಂದಿಗೆ 1,980 ಆರೋಗ್ಯವಂತರೂ 'ರೋಗಿ' ಎನಿಸಿಕೊಳ್ಳುತ್ತಾರೆ. ಅದೇ ಪರೀಕ್ಷೆಯನ್ನು, ವೈದ್ಯರು ಮೊದಲೇ ಹೆಚ್ಚಿನ ಅಪಾಯದವರೆಂದು ಗುರುತಿಸಿದ, ನಾಲ್ವರಲ್ಲಿ ಒಬ್ಬರಿಗೆ ಕಾಯಿಲೆ ಬರುವ 1,000 ಜನರಿಗೆ ಮಾಡಿದರೆ 200 ನಿಜ, 150 ತಪ್ಪು. ಯಂತ್ರ ಅದೇ, ಅರ್ಥ ಬೇರೆ. ಲಕ್ಷಣವೇ ಇಲ್ಲದವರಿಗೆ "ಮುಂಜಾಗ್ರತೆಗೆ" ಸ್ಕ್ಯಾನ್ ಮಾಡಿಸುವುದು, ನನ್ನ ದೃಷ್ಟಿಯಲ್ಲಿ, ಅನಗತ್ಯ ಭಯವನ್ನು ದುಡ್ಡು ಕೊಟ್ಟು ತಂದುಕೊಂಡಂತೆ.

ಸ್ಕ್ಯಾನ್ ಮಾಡಿಸುವುದಾದರೆ, ತುರ್ತಿಲ್ಲದಿದ್ದಾಗ ಸಿಟಿಗಿಂತ ಎಂಆರ್‌ಐ ಮೇಲು. ಅದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ವಿವರವೂ ಹೆಚ್ಚು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿದ್ದರೆ ಮುಂಚಿತವಾಗಿ ತಿಳಿಸಬೇಕು. ಒಳಗೆ ಸದ್ದು ಜೋರಾಗಿರುತ್ತದೆ. ಮೊದಲೇ ಸಂಶಯದಲ್ಲಿರುವ ವ್ಯಕ್ತಿಗೆ ಆ ಸದ್ದು, ಇಕ್ಕಟ್ಟು, ಕೈಗೆ ಕೊಡುವ ಕರೆಗುಂಡಿ ಎಲ್ಲವನ್ನೂ ಮುಂಚೆಯೇ ವಿವರಿಸಿ, ಅವರ ಒಪ್ಪಿಗೆ ಪಡೆಯಿರಿ. ತಲೆ ಅಲುಗಾಡದಂತೆ ಮಲಗುವುದು ಮುಖ್ಯ. ಸಣ್ಣ ಅಲುಗಾಟವೂ ಅಳತೆಯಲ್ಲಿ ಬೂದು ಪದರವನ್ನು ಇರುವುದಕ್ಕಿಂತ ತೆಳುವಾಗಿ ತೋರಿಸಬಲ್ಲದು. ಔಷಧ ಆರಂಭವಾಗಿದ್ದರೆ ಅದರ ಹೆಸರು ಮತ್ತು ದಿನಾಂಕವನ್ನು ನಮೂದಿಸಬೇಕು, ಏಕೆಂದರೆ ಕೆಲವು ಔಷಧಗಳೂ ಮೆದುಳಿನ ಗಾತ್ರದ ಅಳತೆಯ ಮೇಲೆ ಪರಿಣಾಮ ಬೀರಬಹುದು.

ವರದಿಯಲ್ಲಿ "ಯಾವುದೇ ದೋಷವಿಲ್ಲ" ಎಂದಿದ್ದರೆ ಇನ್ನೊಂದು ಕಾಯಿಲೆಯ ಸಾಧ್ಯತೆ ಕಡಿಮೆಯಾಯಿತು ಎಂದಷ್ಟೇ ಅರ್ಥ. ಸ್ಕಿಜೋಫ್ರೇನಿಯಾ ಇಲ್ಲ ಎಂದಲ್ಲ. ಸಣ್ಣ ನೀರುಗುಳ್ಳೆಯಂಥ ಆಕಸ್ಮಿಕ ಅಂಶಗಳು ಹೆಚ್ಚಿನವು ನಿರಪಾಯಕಾರಿ, ಆದರೂ ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬಣ್ಣಬಣ್ಣದ ಚಿತ್ರ ತೋರಿಸಿ ಸ್ಥಳದಲ್ಲೇ ಕಾಯಿಲೆಯ ಹೆಸರು ಹೇಳುವವರನ್ನು ನಂಬಬೇಡಿ. ಫಿಲ್ಮ್ ಜೊತೆಗೆ ಚಿತ್ರದ ಮೂಲ ಕಡತವನ್ನೂ ಪಡೆದಿಟ್ಟುಕೊಳ್ಳಿ. ಮುಂದೆ ಮತ್ತೆ ಸ್ಕ್ಯಾನ್ ಬೇಕಾದರೆ ಹೋಲಿಕೆಗೆ ಅದೇ ಆಧಾರ. ಯಂತ್ರ ಸಿಗುವುದು ತಡವಾದರೆ, ಲಕ್ಷಣಗಳಿಗೆ ಬೇಕಾದ ಚಿಕಿತ್ಸೆಯನ್ನು ಆವರೆಗೆ ಮುಂದೂಡಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ: ಮನೋವಿಕಾರ ಚಿಕಿತ್ಸೆಯಿಲ್ಲದೆ ಮುಂದುವರಿದಷ್ಟೂ ಚೇತರಿಕೆ ಕಷ್ಟವಾಗುತ್ತದೆ.