ಪಿಟಿ ಪರೀಕ್ಷೆ: ನೀಲಿ ಟ್ಯೂಬು ಗೆರೆ ಮುಟ್ಟಲಿ

ಪಿಟಿ ಅಂದರೆ ಪ್ರೋಥ್ರಾಂಬಿನ್ ಟೈಮ್, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡುವ ಪರೀಕ್ಷೆ. ಅದಕ್ಕೆ ರಕ್ತ ಹಿಡಿಯುವುದು ನೀಲಿ ಮುಚ್ಚಳದ ಟ್ಯೂಬಿನಲ್ಲಿ. ಇಂಡಿ, ಸಿಂದಗಿ ಕಡೆಯಿಂದ ವಿಜಯಪುರದ ನಮ್ಮ ಲ್ಯಾಬಿಗೆ ಅರ್ಧ ತುಂಬಿದ ನೀಲಿ ಟ್ಯೂಬು ಬರುವುದು ತಪ್ಪಿಲ್ಲ. ‘ನರ ಸಿಗಲಿಲ್ರಿ ಸರ್, ಇಷ್ಟರಾಗ ಮಾಡ್ರಿ’ ಅನ್ನುತ್ತಾರೆ. ಇಷ್ಟರಲ್ಲಿ ಆಗುವುದಿಲ್ಲ.

ಪಟ್ಟಿ ಕಟ್ಟಿ ಸೂಜಿ ಹಾಕುವುದು ಎಲ್ಲರಿಗೂ ಬರುತ್ತದೆ. ಕೆಡುವುದು ಆಮೇಲೆ.

3 ಮಿ.ಲೀ. ಗೆರೆಯ ಟ್ಯೂಬಿನಲ್ಲಿ 3.2% ಸೋಡಿಯಂ ಸಿಟ್ರೇಟ್ 0.3 ಮಿ.ಲೀ. ಮೊದಲೇ ಇರುತ್ತದೆ, ರಕ್ತ 2.7 ಮಿ.ಲೀ. ಬೀಳಬೇಕು. ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಟ್ಯೂಬಿನಲ್ಲಿ ಹೆಪ್ಪುಗಟ್ಟುವುದಿಲ್ಲ. ರಕ್ತ ಕಡಿಮೆಯಾದರೆ ಉಳಿದ ಸಿಟ್ರೇಟ್ ನಾವು ಆಮೇಲೆ ಹಾಕುವ ಕ್ಯಾಲ್ಸಿಯಂಗೂ ಕೈ ಹಾಕುತ್ತದೆ. ಐಎನ್‌ಆರ್ (ಪಿಟಿಯನ್ನು ಎಲ್ಲ ಲ್ಯಾಬಿಗೂ ಹೊಂದುವಂತೆ ಲೆಕ್ಕ ಹಾಕಿದ ಸಂಖ್ಯೆ) ಸುಳ್ಳೇ ಏರುತ್ತದೆ, ಡಾಕ್ಟರು ಹೆಪ್ಪು ತಡೆಯುವ ಗುಳಿಗೆ ಇಳಿಸುತ್ತಾರೆ, ಹೃದಯದ ಕೃತಕ ಕವಾಟದ ಮೇಲೆ ಹೆಪ್ಪು ಕೂರಬಹುದು. ಬಟರ್‌ಫ್ಲೈ ಸೂಜಿಯಾದರೆ ಕೊಳವೆಯ ಗಾಳಿಗಾಗಿ ಮೊದಲೊಂದು ಟ್ಯೂಬು ಬಿಸಾಕಿ. ಬೇರೆ ರಾಸಾಯನಿಕವಿರುವ ನೇರಳೆ ಟ್ಯೂಬಿನಿಂದ (ಇಡಿಟಿಎ) ನೀಲಿಗೆ ಸುರಿದು ಗೆರೆ ಮುಟ್ಟಿಸುವ ಜಾಣತನವಂತೂ ಬೇಡವೇ ಬೇಡ.

ತುಂಬಿದ ಕೂಡಲೇ ಮೂರ್ನಾಲ್ಕು ಸಲ ಮೆಲ್ಲಗೆ ಬುಡಮೇಲು ಮಾಡಿ. ಸೀರಪ್ ಬಾಟಲಿಯಂತೆ ಕುಲುಕಬೇಡಿ. ತಡಮಾಡಿದರೆ ಒಳಗೆ ಸಣ್ಣ ಹೆಪ್ಪು ಕಟ್ಟುತ್ತದೆ. ಕಡ್ಡಿ ಆಡಿಸಿದರೆ ಜೇಡದ ಎಳೆಯಂತೆ ಸುತ್ತಿಕೊಂಡು ಬರುತ್ತದೆ. ಆ ಟ್ಯೂಬು ಕಸಕ್ಕೆ. ಐಸ್ ಮೇಲೂ ಇಡಬೇಡಿ, ತಂಪಿಗೆ ಏಳನೇ ಫ್ಯಾಕ್ಟರ್ (ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲೊಂದು) ಎಚ್ಚರಗೊಳ್ಳುತ್ತದೆ. ಬಸ್ಸಿನ ಎಂಜಿನ್ ಮೇಲೂ ಬೇಡ.

ಸೆಂಟ್ರಿಫ್ಯೂಜ್‌ನಲ್ಲಿ 15 ನಿಮಿಷ ತಿರುಗಿಸಿ ಮೇಲೆ ನಿಲ್ಲುವ ತಿಳಿ ದ್ರವ, ಅಂದರೆ ಪ್ಲಾಸ್ಮಾ ತೆಗೆಯಿರಿ. 100 ಮೈಕ್ರೋಲೀಟರ್ ಪ್ಲಾಸ್ಮಾ 37 ಡಿಗ್ರಿಗೆ ಬೆಚ್ಚಗಾದ ಮೇಲೆ, ಅಷ್ಟೇ ಬೆಚ್ಚಗಿನ ರೀಏಜೆಂಟ್ (ಟಿಶ್ಯೂ ಫ್ಯಾಕ್ಟರ್, ಕ್ಯಾಲ್ಸಿಯಂ ಇರುವ ದ್ರಾವಣ) 200 ಮೈಕ್ರೋಲೀಟರ್ ಹಾಕಿ ಗಡಿಯಾರ ಒತ್ತಿ. ಮೊಬೈಲ್ ಬೇಡ, ಒದ್ದೆ ಬೆರಳಿಗೆ ಪರದೆ ಕೈಕೊಡುತ್ತದೆ.

ಈಗ ಟ್ಯೂಬು ಓಲಾಡಿಸುತ್ತ ಕಣ್ಣಿಟ್ಟು ನೋಡಿ. ರೀಏಜೆಂಟಿನ ಟಿಶ್ಯೂ ಫ್ಯಾಕ್ಟರ್ ಏಳನೇ ಫ್ಯಾಕ್ಟರನ್ನು ಹಿಡಿದು ಹತ್ತನೆಯದನ್ನು ಎಬ್ಬಿಸುತ್ತದೆ. ಹತ್ತನೆಯದು ಐದನೆಯದರ ಜೊತೆ ಕೊಬ್ಬಿನ ಪದರದ ಮೇಲೆ ಕೂತು ಪ್ರೋಥ್ರಾಂಬಿನ್ ಕತ್ತರಿಸುತ್ತದೆ, ಥ್ರಾಂಬಿನ್ ಹುಟ್ಟುತ್ತದೆ. ಅದು ಹೆಪ್ಪಿನ ಎಳೆಯಾದ ಫೈಬ್ರಿನ್ ಕಟ್ಟಿಸುತ್ತದೆ. ಆ ಪದರಕ್ಕೆ ಇವುಗಳನ್ನು ಅಂಟಿಸುವುದೇ ಕ್ಯಾಲ್ಸಿಯಂ. ಮೊದಲ ತುಸು ಥ್ರಾಂಬಿನ್ ತಿರುಗಿ ಹೋಗಿ ಇನ್ನಷ್ಟು ಐದನೆಯದನ್ನು ಎಬ್ಬಿಸುವುದರಿಂದ ವೇಗ ಒಮ್ಮೆಲೇ ಏರುತ್ತದೆ. ಹತ್ತು ಸೆಕೆಂಡು ನೀರಿನಂತಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಗಟ್ಟಿ. ಫೈಬ್ರಿನಿನ ಮೊದಲ ಎಳೆ ಕಂಡಾಗಲೇ ಗಡಿಯಾರ ನಿಲ್ಲಿಸಿ. ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಡಿ. ಆರೋಗ್ಯವಂತರಲ್ಲಿ ಸುಮಾರು 11ರಿಂದ 14 ಸೆಕೆಂಡು. ಎರಡು ಸಲ ಮಾಡಿ, ಸರಾಸರಿ ಬರೆಯಿರಿ.

ಐಎನ್‌ಆರ್ ಲೆಕ್ಕಕ್ಕೆ ಈಗಿನ ರೀಏಜೆಂಟ್ ಡಬ್ಬಿಯ ಐಎಸ್‌ಐ ಸಂಖ್ಯೆಯನ್ನೇ (ಆ ರೀಏಜೆಂಟ್ ಎಷ್ಟು ಸೂಕ್ಷ್ಮ ಎಂದು ಹೇಳುವುದು) ಹಾಕಿ. ಹಳೇ ಡಬ್ಬಿಯದನ್ನು ಗೋಡೆಗೆ ಅಂಟಿಸಿದ್ದರೆ ಇವತ್ತೇ ಹರಿದುಹಾಕಿ.