ಲೆಕ್ಕದ ವೋಲ್ಟು, ಮೀಟರಿನ ವೋಲ್ಟು

ಕರೆಂಟ್ ಹರಿಯುವಾಗ ಸ್ವಲ್ಪ ವೋಲ್ಟೇಜ್ ತಂತಿಯಲ್ಲೇ ಇಳಿದುಹೋಗುತ್ತದೆ. ಈ ಇಳಿಕೆ ಮಿತಿ ಮೀರದಂತೆ ದೂರದ ಲೋಡಿಗೆ (ಕರೆಂಟ್ ಎಳೆಯುವ ಪಂಪು, ದೀಪ, ಹೀಟರಿಗೆ) ಕೇಬಲ್ ಆರಿಸುವಾಗ ನನಗೆ ಮೊದಲು ಬೇಕಾಗುವುದು ಎರಡೇ: ಎಷ್ಟು ಆಂಪಿಯರ್, ಎಷ್ಟು ಮೀಟರ್. ಹೀಟರಾದರೆ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಕ್ಕಿತು. ಮೋಟಾರಿಗೆ ಆ ಲೆಕ್ಕ ಸಲ್ಲದು. ನೇಮ್‌ಪ್ಲೇಟಿನ ಕಿಲೋವ್ಯಾಟ್ ಶಾಫ್ಟಿನಲ್ಲಿ ಸಿಗುವ ಶಕ್ತಿ, ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು. ಹಾಗಾಗಿ ಅಲ್ಲಿ ಬರೆದಿರುವ ಆಂಪಿಯರನ್ನೇ ಹಿಡಿಯುತ್ತೇನೆ. ಉದ್ದವನ್ನು ಕಣ್ಣಳತೆಗೆ ಬಿಡದೆ, ಕೇಬಲ್ ಗೋಡೆ ಹತ್ತಿ ಇಳಿಯುವ ದಾರಿಯಲ್ಲೇ ಟೇಪ್ ಹಿಡಿಯುತ್ತೇನೆ.

ತಾಮ್ರದ ಎರಡು ತಂತಿಯ ಕೇಬಲಿಗೆ, ಒಂದು ಆಂಪಿಯರ್ ಒಂದು ಮೀಟರ್ ಹೋದರೆ ಬೀಳುವ ಮಿಲಿವೋಲ್ಟ್ ನನಗೆ ಬಾಯಿಪಾಠ: ತಂತಿಯ ಅಡ್ಡಕೊಯ್ತ 1.5 ಚದರ ಮಿಮೀ ಇದ್ದರೆ 29, 2.5ಕ್ಕೆ 18, 4ಕ್ಕೆ 11, 6ಕ್ಕೆ 7.3, 10ಕ್ಕೆ 4.4. ಹೋಗುವ ಬರುವ ಎರಡೂ ತಂತಿ ಇದರಲ್ಲೇ ಸೇರಿವೆ, ಮತ್ತೆ ಎರಡರಿಂದ ಗುಣಿಸಬಾರದು. ಒಂದು ತಂತಿಯ ರೋಧದಿಂದ (ಓಮ್) ಲೆಕ್ಕ ಹಾಕುವವರು ಮಾತ್ರ ಎರಡರಿಂದ ಗುಣಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ತ್ರೀ ಫೇಸಿಗೆ ಇದೇ ಅಂಕಿಗಳನ್ನು 0.866ರಿಂದ ಗುಣಿಸಿದರೆ ಲೈನಿನಿಂದ ಲೈನಿಗೆ ಎಷ್ಟು ಇಳಿಯುತ್ತದೆಂದು ಸಿಗುತ್ತದೆ.

230 ವೋಲ್ಟಿನ ಪಂಪು, 9 ಆಂಪಿಯರ್, 60 ಮೀಟರ್ ದೂರ ಎನ್ನಿ. 2.5ರ ಕೇಬಲಿನಲ್ಲಿ 18 × 9 × 60 ಮಿಲಿವೋಲ್ಟ್, ಅಂದರೆ 9.7 ವೋಲ್ಟ್, ಶೇ 4.2. ದೀಪಕ್ಕೆ ಶೇ 3, ಉಳಿದದ್ದಕ್ಕೆ ಶೇ 5 ಎಂಬ ರೂಢಿಯ ಮಿತಿಯೊಳಗೇ ಇದೆ. ಆದರೆ ನಾನು ಇಲ್ಲಿಗೇ ನಿಲ್ಲುವುದಿಲ್ಲ. ಸ್ಟಾರ್ಟ್ ಆಗುವಾಗ ಇದೇ ಮೋಟಾರು ಸುಮಾರು 50 ಆಂಪಿಯರ್ ಎಳೆಯಬಹುದು. ಮೇಲಿನ ಅಂಕಿಗಳು ತಂತಿ 70 ಡಿಗ್ರಿ ಕಾದಾಗಿನವು, ತಣ್ಣಗಿರುವಾಗ 2.5ಕ್ಕೆ 15 ಹಿಡಿದರೆ ಸಾಕು. ಹಾಗೆ ಹಿಡಿದರೂ 45 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಟಾರ್ಕ್ (ಶಾಫ್ಟನ್ನು ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 185 ವೋಲ್ಟಿನಲ್ಲಿ ಸ್ಟಾರ್ಟಿಂಗ್ ಬಲ ಉಳಿಯುವುದು ಶೇ 65ರಷ್ಟು. ಲೋಡ್ ಹೊತ್ತ ಪಂಪು ಗುಂಯ್‌ಗುಟ್ಟುತ್ತಾ ನಿಂತುಬಿಡುವುದು ಇದಕ್ಕೇ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. 4ರ ಕೇಬಲ್ ಎಳೆದರೆ, ತಣ್ಣಗಿನ ಲೆಕ್ಕದಲ್ಲೇ, ಆ ನಷ್ಟ 28 ವೋಲ್ಟಿಗೆ ಇಳಿದು ಬಲ ಶೇ 77ಕ್ಕೆ ಏರುತ್ತದೆ. ಸ್ಟಾರ್ಟಿಂಗಿನಲ್ಲಿ ಪವರ್ ಫ್ಯಾಕ್ಟರ್ (ಕರೆಂಟ್ ವೋಲ್ಟೇಜಿನ ಜೊತೆ ಎಷ್ಟು ಹೆಜ್ಜೆ ಹಾಕುತ್ತದೆಂಬ ಅಳತೆ) ಕಡಿಮೆಯಿರುವುದರಿಂದ ನಿಜವಾದ ಇಳಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಆದರೂ ನಾನು 4ನ್ನೇ ಹಾಕುತ್ತೇನೆ.

12 ವೋಲ್ಟಿನ ಕೆಲಸದಲ್ಲಿ ಇನ್ನೂ ಬಿಗಿ. 8 ಆಂಪಿಯರಿನ ಎಲ್‌ಇಡಿ ಪಟ್ಟಿಗೆ 2.5ರಲ್ಲಿ ಬರೀ 6 ಮೀಟರ್ ಎಳೆದರೆ 0.86 ವೋಲ್ಟ್, ಶೇ 7 ಹೋಯಿತು. ಒಂದೇ ತಂತಿಯುದ್ದಕ್ಕೂ ದೀಪಗಳು ಸಮವಾಗಿ ಹಂಚಿಕೊಂಡಿದ್ದರೆ ಕೊನೆಯಲ್ಲಿನ ಇಳಿಕೆ ಹೆಚ್ಚುಕಡಿಮೆ ಅರ್ಧ ಎಂದು ಹಿಡಿಯಬಹುದು.

ವೈರಿನ ಮೇಲೆ ಮುದ್ರಿಸಿದ ಸೈಜನ್ನು ನಾನು ಹಾಗೇ ನಂಬುವುದಿಲ್ಲ. ತುದಿ ಬಿಡಿಸಿ ಎಳೆ ಎಣಿಸುತ್ತೇನೆ: 0.3 ಮಿಮೀ ಎಳೆಗಳು 36 ಇದ್ದರೆ 2.5, 56 ಇದ್ದರೆ 4. ಎಳೆಯ ದಪ್ಪಕ್ಕೆ ಮೈಕ್ರೋಮೀಟರ್ ಬೇಕು, 0.3ರ ಬದಲು 0.27 ಇದ್ದರೆ ತಾಮ್ರ ಶೇ 19 ಕಡಿಮೆ ಎಂದರ್ಥ.

ಕೆಲಸ ಮುಗಿದ ಮೇಲೆ ಲೋಡ್ ಓಡುತ್ತಿರುವಾಗಲೇ ಅಳೆಯಬೇಕು. ಕರೆಂಟ್ ಹರಿಯದಿದ್ದರೆ ಕೆಟ್ಟ ಜಾಯಿಂಟ್ ಕೂಡ ಪೂರ್ತಿ 230 ತೋರಿಸುತ್ತದೆ. ಕ್ಲಾಂಪ್ ಮೀಟರಿನಲ್ಲಿ (ತಂತಿಯನ್ನು ಸುತ್ತ ಹಿಡಿದು ಅಳೆಯುವ ಮೀಟರು) ಆಂಪಿಯರ್ ನೋಡಿಕೊಂಡು, ಉದ್ದದ ಟೆಸ್ಟ್ ವೈರಿನಿಂದ ಒಂದೇ ತಂತಿಯ ಎರಡೂ ತುದಿಗಳ ನಡುವೆ ವೋಲ್ಟ್ ನೋಡುತ್ತೇನೆ, ಫೇಸಿಗೊಮ್ಮೆ, ನ್ಯೂಟ್ರಲಿಗೊಮ್ಮೆ. ಫ್ಯೂಸ್ ಇರುವ ಟೆಸ್ಟ್ ವೈರೇ ಬೇಕು. ತಂತಿ ನಡುವೆ ತುಂಡಾಗಿದ್ದರೆ ಮೀಟರಿಗೆ ಪೂರ್ತಿ ವೋಲ್ಟೇಜ್ ಬರುತ್ತದೆ. ನಮ್ಮ ಪಂಪಿಗೆ 2.5ರ ಕೇಬಲ್ ಇದ್ದರೆ ಒಂದೊಂದು ತಂತಿಯಲ್ಲಿ, ತಣ್ಣಗಿದ್ದರೆ 4, ಕಾದಿದ್ದರೆ 4.9 ವೋಲ್ಟಿನವರೆಗೆ ಬರಬೇಕು. ಫೇಸ್ 4.3 ತೋರಿಸಿ ನ್ಯೂಟ್ರಲ್ 8.3 ತೋರಿಸಿದರೆ, ಆ ಹೆಚ್ಚಿನ 4 ವೋಲ್ಟು ಬಹುಮಟ್ಟಿಗೆ ಯಾವುದೋ ಜಾಯಿಂಟಿನಲ್ಲಿದೆ. 9 ಆಂಪಿಯರಿನಲ್ಲಿ ಅದು 36 ವ್ಯಾಟ್ ಬಿಸಿ, ಸಾಲ್ಡರಿಂಗ್ ಐರನ್ನಿನಷ್ಟು. ನ್ಯೂಟ್ರಲ್ ಲಿಂಕಿನ ಸಡಿಲ ಸ್ಕ್ರೂ, ತಿರುಚಿ ಟೇಪ್ ಸುತ್ತಿದ ಜಾಯಿಂಟ್, ತಾಮ್ರ–ಅಲ್ಯೂಮಿನಿಯಂ ನೇರ ಕೂಡುವ ಜಾಗ, ಈ ಮೂರನ್ನು ಸಪ್ಲೈ ಬಂದ್ ಮಾಡಿ ಮೊದಲು ಬಿಚ್ಚಿ ನೋಡುತ್ತೇನೆ. ಇಂಥ ಕಡೆ ಕೇಬಲ್ ಸೈಜ್ ಏರಿಸಿದರೆ ದುಡ್ಡು ದಂಡ, ಜಾಯಿಂಟ್ ಹಾಗೇ ಸುಡುತ್ತಿರುತ್ತದೆ.